ರೆಂಡರ್ ಏಕಾಏಕಿ ನಿಧಾನವಾದರೆ: ಬಿಚ್ಚುವ ಮೊದಲು ಅಳೆಯಿರಿ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಉದ್ಯಮಬಾಗದ ಕಾರ್ಖಾನೆಗಳು ಹಿಂದೆ ಸರಿಯುತ್ತಿದ್ದಂತೆ ಪೀರನವಾಡಿ ಬರುತ್ತದೆ. ಜಾಂಬೋಟಿ, ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುವ ರಸ್ತೆ ಒಡೆಯುವುದು ಇಲ್ಲಿಂದಲೇ. ಇಂಥ ಊರುಗಳಲ್ಲಿ ಮದುವೆ, ಜಾತ್ರೆ, ಶಾಲೆಯ ಗ್ಯಾದರಿಂಗ್, ಭಜನೆಗಳ ವಿಡಿಯೊ ಮಾಡುವ ಬಹಳ ಮಂದಿಗೆ ಪೇಟೆಯಲ್ಲಿ ಸ್ಟುಡಿಯೊ ಇರುವುದಿಲ್ಲ. ಮನೆಯ ಒಂದು ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್. ಇಡೀ ಹಂಗಾಮಿನ ದುಡಿಮೆ ಅದರ ಮೇಲೆಯೇ ನಿಂತಿರುತ್ತದೆ.

ಆ ಕಂಪ್ಯೂಟರ್ ಪೂರ್ತಿ ಕೆಟ್ಟು ನಿಂತರೆ ದಾರಿ ಸರಳ, ರಿಪೇರಿಯವರ ಹತ್ತಿರ ಒಯ್ದರಾಯಿತು. ಕೆಡದೆ, ನಿಲ್ಲದೆ, ಸುಮ್ಮನೆ ನಿಧಾನವಾದಾಗಲೇ ಕಷ್ಟ. “ಮೊದಲ ಒಂದು ತಾಸಿನಾಗ ರೆಂಡರ್ ಆಗ್ತಿತ್ತು ಅಣ್ಣಾರ, ಈಗ ಎರಡೂವರೆ ತಾಸಾದ್ರೂ ಮುಗಿವಲ್ದು. ನಾ ಏನೂ ಬದಲ್ ಮಾಡಿಲ್ರೀ” ಎನ್ನುವ ಮಾತು ಏಪ್ರಿಲ್-ಮೇ ತಿಂಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದಕ್ಕೆ ಸಿಗುವ ಸಲಹೆಗಳೂ ಹೆಚ್ಚುಕಡಿಮೆ ಒಂದೇ: ವಿಂಡೋಸ್ ಫಾರ್ಮ್ಯಾಟ್ ಮಾಡಿ, ರ‍್ಯಾಮ್ ಹಾಕಿಸಿ, ಹೊಸ ಗ್ರಾಫಿಕ್ಸ್ ಕಾರ್ಡ್ ತೊಗೊಳ್ರಿ. ಫಾರ್ಮ್ಯಾಟ್ ಮಾಡಿದರೆ ಹಂಗಾಮಿನ ನಡುವೆ ಒಂದೆರಡು ದಿನ ಹೋಗುತ್ತದೆ, ಕಾರ್ಡಿಗೆ ಸಾವಿರಾರು ರೂಪಾಯಿ ಬೇಕು. ಇಷ್ಟಾದರೂ ನಿಧಾನ ಹಾಗೆಯೇ ಉಳಿಯಬಹುದು, ಏಕೆಂದರೆ ಕಾರಣ ಯಾವುದೆಂದು ಯಾರೂ ನೋಡಿರುವುದಿಲ್ಲ. ಮನೆಯಲ್ಲೇ, ಖರ್ಚಿಲ್ಲದೆ, ಒಂದು ತಾಸಿನೊಳಗೆ ಆ ಕಾರಣದ ಬೆನ್ನು ಹತ್ತುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಅಳತೆಗೋಲು

ನಿಧಾನ ಎನ್ನುವುದನ್ನು ತಾಸಿನಲ್ಲಿ ಹೇಳಿದರೆ ಉಪಯೋಗವಿಲ್ಲ. ಒಂದು ಮದುವೆಯ ವಿಡಿಯೊ 70 ನಿಮಿಷ ಇದ್ದೀತು, ಇನ್ನೊಂದು 110 ನಿಮಿಷ. ಒಂದರಲ್ಲಿ ಎರಡು ಕ್ಯಾಮೆರಾ, ಇನ್ನೊಂದರಲ್ಲಿ ನಾಲ್ಕು. ಹೋಲಿಸಬೇಕಾದದ್ದು ಸೆಕೆಂಡಿಗೆ ಎಷ್ಟು ಫ್ರೇಮ್ ಮುಗಿಯುತ್ತಿದೆ ಎಂಬುದನ್ನು, ಅಂದರೆ ಎಫ್‌ಪಿಎಸ್ ಅನ್ನು. ಲೆಕ್ಕ ಕಷ್ಟದ್ದಲ್ಲ. 90 ನಿಮಿಷದ ವಿಡಿಯೊ, ಸೆಕೆಂಡಿಗೆ 25 ಫ್ರೇಮ್ ಎಂದರೆ ಒಟ್ಟು 1,35,000 ಫ್ರೇಮ್. ಕಂಪ್ಯೂಟರ್ ಸೆಕೆಂಡಿಗೆ 50 ಫ್ರೇಮ್ ಮುಗಿಸಿದರೆ 45 ನಿಮಿಷ ಸಾಕು. ಅದೇ ವೇಗ 20ಕ್ಕೆ ಇಳಿದರೆ ಒಂದು ತಾಸು 52 ನಿಮಿಷ.

ಈಗ ನಿಮ್ಮ ಹಳೆಯ ಕೆಲಸದಿಂದ ಐದು ನಿಮಿಷದ ಒಂದು ತುಣುಕನ್ನು ಕತ್ತರಿಸಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಅದರಲ್ಲಿ ಸ್ವಲ್ಪ ಮಂಟಪ, ಸ್ವಲ್ಪ ಊಟದ ಪಂಕ್ತಿ, ಸ್ವಲ್ಪ ಮೆರವಣಿಗೆ ಇರಲಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಈ ತುಣುಕನ್ನು ಒಂದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಸಾಲಿಗೆ ಹಚ್ಚಿ, ಒಂದರ ಹಿಂದೆ ಒಂದು ಬಿಡುವಿಲ್ಲದೆ ಓಡಿಸಿ. ಪ್ರತಿ ಸಲದ ಸರಾಸರಿ ಎಫ್‌ಪಿಎಸ್ ಲಾಗ್‌ನಲ್ಲಿ ಬರುತ್ತದೆ, ಬರೆದುಕೊಳ್ಳಿ. ಹ್ಯಾಂಡ್‌ಬ್ರೇಕ್ ಹಳೆಯ ಲಾಗ್‌ಗಳನ್ನೂ ಇಟ್ಟಿರುತ್ತದೆ. ಕಂಪ್ಯೂಟರ್ ಚೆನ್ನಾಗಿದ್ದ ದಿನಗಳ ವೇಗ ಅಲ್ಲೇ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಮೂರು ಸಲ ಯಾಕೆ? ಇಂದಿನ ಪ್ರೊಸೆಸರ್‌ಗಳು ಕೆಲಸ ಶುರುವಾದಾಗ ಸ್ವಲ್ಪ ಹೊತ್ತು ಮಿತಿಮೀರಿ ಓಡುತ್ತವೆ. ಇಂಟೆಲ್‌ನ ಐ5-12400 ಅನ್ನೇ ನೋಡಿ, ಅದರ ಮೂಲ ಮಿತಿ 65 ವ್ಯಾಟ್, ಟರ್ಬೊದಲ್ಲಿ 117 ವ್ಯಾಟ್‌ವರೆಗೆ ಹೋಗುತ್ತದೆ. ಬಹಳ ಕಂಪ್ಯೂಟರ್‌ಗಳಲ್ಲಿ ಈ ಜಿಗಿತ ಅರ್ಧ-ಒಂದು ನಿಮಿಷದ್ದು. ಆಮೇಲೆ ವೇಗ ಸ್ವಲ್ಪ ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ, ಅದು ದೋಷವಲ್ಲ. ಆದರೆ ಎರಡನೆಯ ಓಟಕ್ಕಿಂತ ಮೂರನೆಯದು ಎದ್ದುಕಾಣುವಂತೆ ಕುಂಟಿದರೆ ಕಂಪ್ಯೂಟರ್ ಕಾಯುತ್ತಿದೆ ಎಂದೇ ಹಿಡಿಯಿರಿ. ಮೂರೂ ಒಂದೇ ಸಮನೆ ನಿಧಾನ ಇದ್ದರೆ ಬಿಸಿಯೊಂದನ್ನೇ ಹಿಡಿದು ಕೂರದೆ ಬೇರೆ ಕಡೆಯೂ ಹುಡುಕಬೇಕು. ಇಷ್ಟೇ ಪರೀಕ್ಷೆ ಅರ್ಧ ಗೊಂದಲವನ್ನು ಕಳೆಯುತ್ತದೆ.

ತುಣುಕು ಓಡುವಾಗ ಇನ್ನೂ ಮೂರು ಸಂಖ್ಯೆಗಳ ಮೇಲೆ ಕಣ್ಣಿರಲಿ: ಸಿಪಿಯು ಶೇಕಡಾ ಎಷ್ಟು ದುಡಿಯುತ್ತಿದೆ, ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ, ಎಷ್ಟು ಡಿಗ್ರಿ ಕಾದಿದೆ. ಮೊದಲೆರಡನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಸಿಪಿಯು ಬಿಸಿ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಎಚ್‌ಡಬ್ಲ್ಯು‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ.

ಶೇಕಡಾ 100 ದುಡಿಯುತ್ತಿದ್ದು ಗಿಗಾಹರ್ಟ್ಸ್ ಕೂಡ ಪೂರ್ತಿ ಇದ್ದರೆ ಸಾಮಾನ್ಯವಾಗಿ ಯಂತ್ರದಲ್ಲಿ ತಪ್ಪಿಲ್ಲ, ನೀವು ಕೊಟ್ಟ ಕೆಲಸವೇ ದೊಡ್ಡದಾಗಿದೆ. ಶೇಕಡಾ 100 ಇದ್ದು ಗಿಗಾಹರ್ಟ್ಸ್ ಕುಸಿದಿದ್ದರೆ ಬಿಸಿ ಇಲ್ಲವೇ ಕರೆಂಟಿನ ಮಿತಿ ಅದರ ಕಾಲು ಹಿಡಿದಿದೆ. ಸಿಪಿಯು ಶೇಕಡಾ 30-40ರಲ್ಲೇ ಆರಾಮಾಗಿದ್ದು ಎಫ್‌ಪಿಎಸ್ ಮಾತ್ರ ಕಡಿಮೆ ಇದ್ದರೆ ಅದು ಇನ್ಯಾವುದಕ್ಕೋ ಕಾಯುತ್ತ ಕೂತಿದೆ. ಮುಂದಿನ ಹುಡುಕಾಟ ಈ ಮೂರು ದಾರಿಗಳಲ್ಲಿ ಒಂದರ ಮೇಲೆ.

ಬೆಳಗಾವಿ ತಂಪು, ಕ್ಯಾಬಿನೆಟ್ ಅಲ್ಲ

“ನಮ್ಮದು ತಂಪು ಊರು, ಇಲ್ಲಿ ಕಂಪ್ಯೂಟರ್ ಕಾಯೂದಿಲ್ಲ” ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ ನಿಜ. ಆದರೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಮುಟ್ಟುವುದು ಇಲ್ಲಿ ಹೊಸದಲ್ಲ. ಡಿಸೆಂಬರ್ ಮುಂಜಾನೆಗೂ ಆ ಮಧ್ಯಾಹ್ನಕ್ಕೂ 15–20 ಡಿಗ್ರಿ ಅಂತರ. ಕೋಣೆಯ ಗಾಳಿ ಎಷ್ಟು ಡಿಗ್ರಿ ಏರಿತೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಏಕೆಂದರೆ ಫ್ಯಾನಿಗೆ ಸಿಗುವುದು ಅದೇ ಗಾಳಿ. ಚಳಿಗಾಲದಲ್ಲಿ 82 ಡಿಗ್ರಿಯಲ್ಲಿ ಓಡುತ್ತಿದ್ದ ಪ್ರೊಸೆಸರ್ ಬೇಸಿಗೆಯಲ್ಲಿ ತನ್ನ ಮಿತಿಗೆ ಬಡಿಯುವುದು ಹೀಗೆ. ಇಂಟೆಲ್‌ನ ಬಹುಪಾಲು ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ, ಎಎಂಡಿ ರೈಜೆನ್ 7000 ಸಾಲಿನ ಬಹುಪಾಲಿಗೆ 95. ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಚ್‌ಡಬ್ಲ್ಯು‌ಇನ್ಫೊದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನ ಮುಂದೆ ‘ಯೆಸ್’ ಬಂದರೆ ಕಳ್ಳ ಸಿಕ್ಕಂತೆ.

ಪೀರನವಾಡಿಯಂಥ ಜಾಗದಲ್ಲಿ ಇದಕ್ಕೆ ಧೂಳು ಸೇರುತ್ತದೆ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಾರ್ಖಾನೆ. ಕಿಟಕಿ ತೆರೆದರೆ ಧೂಳು ಒಳಗೆ, ಮುಚ್ಚಿದರೆ ಕೋಣೆ ಕಾಯುತ್ತದೆ. ಮೇಲಾಗಿ ಮಳೆಗಾಲದ ನಾಲ್ಕು ತಿಂಗಳ ಥಂಡಿಯಲ್ಲಿ ಒಣ ಧೂಳು ತೇವ ಹಿಡಿದು ಅಂಟಿಕೊಳ್ಳುತ್ತದೆ. ಕ್ಯಾಬಿನೆಟ್ ತೆರೆದು ಮೇಲಿಂದ ನೋಡಿದರೆ ಫ್ಯಾನಿನ ರೆಕ್ಕೆ ಸ್ವಚ್ಛವಾಗಿಯೇ ಕಾಣುತ್ತದೆ, ತಿರುಗುತ್ತಲೂ ಇರುತ್ತದೆ. ನಾಲ್ಕು ಕಡೆಯ ಕೊಂಡಿ ಬಿಡಿಸಿ ಫ್ಯಾನನ್ನು ಎತ್ತಿದಾಗ ಮಾತ್ರ, ಅದರ ಕೆಳಗೆ, ಅಲ್ಯುಮಿನಿಯಂ ಪಟ್ಟಿಗಳ ಸಂದಿಗೆ ಅಡ್ಡಲಾಗಿ, ಬೂದುಬಣ್ಣದ ಒಂದು ಹೊದಿಕೆ ಕಂಬಳಿಯ ತುಂಡಿನಂತೆ ಕೂತಿರುವುದು ಕಣ್ಣಿಗೆ ಬೀಳುತ್ತದೆ. ಬೆರಳಿನಿಂದ ಎಳೆದರೆ ಇಡಿಯಾಗಿ ಎದ್ದುಬರುತ್ತದೆ. ಫ್ಯಾನು ಭೋರ್ಗರೆಯುತ್ತಿದ್ದರೂ ಗಾಳಿ ಆ ಹೊದಿಕೆಯಾಚೆ ದಾಟುತ್ತಿರಲಿಲ್ಲ. ಮೇಲ್ಮೇಲೆ ಬ್ಲೋವರ್ ಹೊಡೆದು ‘ಸ್ವಚ್ಛ ಮಾಡಿದೆ’ ಎಂದವರ ಕಂಪ್ಯೂಟರ್ ಮತ್ತೆ ಕಾಯುವುದಕ್ಕೆ ಕಾರಣ ಇದೇ.

ಬಿಚ್ಚುವ ಮುನ್ನ ಒಂದು ಸುಲಭದ ಪರೀಕ್ಷೆ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಒಂದು ಟೇಬಲ್ ಫ್ಯಾನ್ ಎದುರಿಗೆ ಹಚ್ಚಿ ಅದೇ ತುಣುಕನ್ನು ಮತ್ತೆ ಓಡಿಸಿ. ಬಿಸಿ ಹತ್ತು ಡಿಗ್ರಿ ಇಳಿದು ಎಫ್‌ಪಿಎಸ್ ಏರಿದರೆ ಕ್ಯಾಬಿನೆಟ್ಟಿನೊಳಗೆ ಗಾಳಿ ಆಡುತ್ತಿಲ್ಲ ಎಂದಾಯಿತು. ಮೇಜಿನ ಕೆಳಗಿನ ಮುಚ್ಚಿದ ಖಾನೆಯಲ್ಲಿ ಕಂಪ್ಯೂಟರ್ ಇಟ್ಟವರು ಮೊದಲು ಅದನ್ನು ಹೊರಗೆ ತೆಗೆಯಲಿ. ಲ್ಯಾಪ್‌ಟಾಪ್ ಆದರೆ ಗಾದಿಯ ಮೇಲಿಂದ ಎತ್ತಿ ಹಲಗೆಯ ಮೇಲೆ ಇಡಿ, ಕೆಳಗಿನ ಗಾಳಿಯ ಕಿಂಡಿ ಮುಚ್ಚಬಾರದು.

ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ಕರೆಂಟನ್ನು ಹೋಗಲಾಡಿಸಿ. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಯ ರಭಸಕ್ಕೆ ಅದು ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮೂರು-ನಾಲ್ಕು ವರ್ಷ ದುಡಿದ ಯಂತ್ರದಲ್ಲಿ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿದರೆ ಸಾಕು. ಎಎಂಡಿಯ ಎಎಂ4 ಸಾಕೆಟ್ಟಿನ ಪ್ರೊಸೆಸರ್ ಇದ್ದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪೇಸ್ಟ್ ಒಣಗಿ ಗಟ್ಟಿಯಾಗಿದ್ದಾಗ ಕೂಲರನ್ನು ನೇರಕ್ಕೆ ಜಗ್ಗಿದರೆ ಪ್ರೊಸೆಸರ್ ಕೂಡ ಅದಕ್ಕೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತುಬರುತ್ತದೆ, ಅದರ ಪಿನ್ನುಗಳು ಬಾಗುತ್ತವೆ. ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ, ಆಮೇಲೆ ಬಂದ್ ಮಾಡಿ, ಕೂಲರನ್ನು ನಿಧಾನಕ್ಕೆ ಆಚೆ-ಈಚೆ ಹೊರಳಿಸಿ ತೆಗೆಯಿರಿ.

ಬಿಸಿ ಇಲ್ಲ, ಆದರೂ ಗಿಗಾಹರ್ಟ್ಸ್ ಇಲ್ಲ

ಬಿಸಿ 60-65 ಡಿಗ್ರಿಯಲ್ಲೇ ಇದೆ, ಆದರೂ ಪ್ರೊಸೆಸರ್ ಮೇಲೇಳುತ್ತಿಲ್ಲ ಎಂದರೆ ಯಾರೋ ಅದಕ್ಕೆ ಕಡಿವಾಣ ಹಾಕಿದ್ದಾರೆ. ಬಹಳ ಸಲ ಹಾಕಿದವರು ನಾವೇ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾಯುತ್ತದೆಂದು ಯಾರೋ ಹೇಳಿಕೊಟ್ಟ ಉಪಾಯ ಇದೆ: ಪವರ್ ಆಪ್ಷನ್ಸ್‌ನ ಒಳಗೆ ಹೋಗಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬಲ್ಲಿ 100 ಇದ್ದದ್ದನ್ನು 99 ಮಾಡುವುದು. ನೋಡಲಿಕ್ಕೆ ಒಂದೇ ಅಂಕಿಯ ವ್ಯತ್ಯಾಸ, ಆದರೆ ಇದರಿಂದ ಟರ್ಬೊ ಪೂರ್ತಿ ಬಂದ್ ಆಗುತ್ತದೆ. 4 ಗಿಗಾಹರ್ಟ್ಸ್‌ಗೂ ಮೇಲೆ ಹೋಗಬೇಕಾದದ್ದು ತನ್ನ ಮೂಲ ವೇಗ 2.5ಕ್ಕೇ ನಿಲ್ಲುತ್ತದೆ. ಬೇಸಿಗೆ ಮುಗಿದರೂ ಆ 99 ಅಲ್ಲೇ ಉಳಿದಿರುತ್ತದೆ. ಮೊದಲು ಅದನ್ನು ನೋಡಿ.

ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ಎರಡನೆಯ ಆರೋಪಿ. ಮೂಲ ಚಾರ್ಜರ್ ಕೆಟ್ಟು, ಕಡಿಮೆ ವ್ಯಾಟಿನ ಬದಲಿ ಚಾರ್ಜರ್ ತಂದಿದ್ದರೆ ಬ್ಯಾಟರಿ ತುಂಬುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಪ್ರೊಸೆಸರ್ ಮಾತ್ರ ತನ್ನ ವೇಗವನ್ನು ಬಲವಾಗಿ ಇಳಿಸಿಕೊಳ್ಳುತ್ತದೆ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಚಾರ್ಜರಿನ ಗುರುತು ಹಿಡಿಯುವ ಸಣ್ಣ ಪಿನ್ ಬಾಗಿದರೂ ಸಾಕು, 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಇಳಿದು ಅಲ್ಲೇ ಕೂರುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ವೇಗ 0.7 ಅಥವಾ 0.8 ಎಂದು ಅಲುಗಾಡದೆ ನಿಂತಿದ್ದರೆ ಮೊದಲು ಗೆಳೆಯರ ಸರಿಯಾದ ಚಾರ್ಜರ್ ತಂದು ಹಚ್ಚಿ ನೋಡಿ.

ಡೆಸ್ಕ್‌ಟಾಪಿನವರು ಇಲ್ಲಿ ವೋಲ್ಟೇಜನ್ನು ದೂರುತ್ತಾರೆ. ಮನೆಗೆ ಬರಬೇಕಾದದ್ದು 230 ವೋಲ್ಟ್, ಸಂಜೆ ಹೊತ್ತು ಅದು ಇಳಿಯುತ್ತದೆ, ಅದಕ್ಕೇ ರೆಂಡರ್ ನಿಧಾನ ಎಂಬ ತರ್ಕ. ಇದು ಸರಿಯಲ್ಲ. ವೋಲ್ಟೇಜ್ ಇಳಿದರೆ ದೀಪ ಮಂಕಾಗುತ್ತದೆ, ಪಂಪ್‌ಸೆಟ್ಟು ನರಳುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಹಾಗಲ್ಲ. ತನ್ನ ಮಿತಿಯೊಳಗೆ ಅದು ಒಳಗಿನ ಭಾಗಗಳಿಗೆ ಒಂದೇ ಸಮನೆ ಕರೆಂಟು ಕೊಡುತ್ತದೆ, ಆಗದಿದ್ದಾಗ ಬಂದ್ ಬೀಳುತ್ತದೆ ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ನಡುವೆ ‘ನಿಧಾನ’ ಎಂಬ ಸ್ಥಿತಿ ಅದಕ್ಕಿಲ್ಲ. ರೆಂಡರ್ ವೇಗಕ್ಕಾಗಿ ಸ್ಟೆಬಿಲೈಸರ್ ಕೊಳ್ಳಬೇಡಿ. ಯುಪಿಎಸ್ಸನ್ನು ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದ್ದರೆ ಮಾತ್ರ ಒಂದು ಸಂಗತಿ ನೋಡಬೇಕು. ವಿಂಡೋಸ್ ಆ ಯುಪಿಎಸ್ಸನ್ನು ಬ್ಯಾಟರಿ ಎಂದು ತಿಳಿಯುತ್ತದೆ, ಕರೆಂಟು ಹೋದಾಗ ಲ್ಯಾಪ್‌ಟಾಪಿನಂತೆ ಬ್ಯಾಟರಿಯ ಸೆಟ್ಟಿಂಗಿಗೆ ಬದಲಾಗುತ್ತದೆ. ಬ್ಯಾಟರಿಯ ಕಾಲಮ್ಮಿನಲ್ಲಿ ಪ್ರೊಸೆಸರ್ ಮಿತಿ ಎಷ್ಟಿದೆ ಎಂಬುದನ್ನೂ ಆಗ ನೋಡಿಕೊಳ್ಳಿ.

ಕರೆಂಟಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ರಾತ್ರಿ ರೆಂಡರಿಗೆ ಹಚ್ಚಿ ಮಲಗುವವರು ನೇರವಾಗಿ ಎಂಪಿ4 ಬದಲು ಎಂಕೆವಿಗೆ ತೆಗೆದರೆ ಒಳ್ಳೆಯದು. ಎಂಪಿ4 ಕಡತದ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಶೇಕಡಾ 95 ಮುಗಿದಾಗ ಕರೆಂಟು ಹೋದರೂ ಇಡೀ ಕಡತ ತೆರೆಯುವುದಿಲ್ಲ. ಎಂಕೆವಿ ಆದರೆ ಬರೆದಷ್ಟು ಭಾಗ ಉಳಿಯುತ್ತದೆ.

ಸಿಪಿಯು ಯಾರಿಗೆ ಕಾಯುತ್ತಿದೆ?

ಸಿಪಿಯು ಅರ್ಧವೂ ದುಡಿಯದೆ ಕೂತಿದ್ದರೆ ಮೊದಲು ನೋಡಬೇಕಾದದ್ದು ಕಡತ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು. ಗಿರಾಕಿಗೆ ಕೊಡುವ ಪೆನ್‌ಡ್ರೈವ್ ಮೊದಲೇ ಸಿಕ್ಕಿಸಿಟ್ಟು ನೇರ ಅದಕ್ಕೇ ಎಕ್ಸ್‌ಪೋರ್ಟ್ ಮಾಡುವ ರೂಢಿ ಕೆಲವರಿಗಿದೆ. ಅಗ್ಗದ ಪೆನ್‌ಡ್ರೈವ್‌ಗಳ ಬರೆಯುವ ವೇಗ ಮೊದಲ ಭರಾಟೆ ಮುಗಿದ ಮೇಲೆ ಸೆಕೆಂಡಿಗೆ ಕೆಲವೇ ಎಂಬಿಗೆ ಇಳಿಯುತ್ತದೆ. ಅದು ಎಫ್‌ಎಟಿ32 ಆಗಿದ್ದರೆ ಕಡತ 4 ಜಿಬಿ ದಾಟುವಾಗ ಕೆಲಸವೇ ನಿಂತುಬಿಡುತ್ತದೆ. ಒಳಗಿನ ಡಿಸ್ಕಿಗೆ ರೆಂಡರ್ ಮಾಡಿ, ಆಮೇಲೆ ಎಕ್ಸ್‌ಫ್ಯಾಟ್ ಮಾಡಿದ ಪೆನ್‌ಡ್ರೈವಿಗೆ ನಕಲು ಮಾಡಿ.

ಬರುವ ಕಡೆಯ ಲೆಕ್ಕವೂ ಮಾಡಿನೋಡಿ. ಒಂದು 4ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದರೆ ಅದು 12.5 ಮೆಗಾಬೈಟ್. ಒಂದಕ್ಕೆ ಯಾವ ಹಳೆಯ ಹಾರ್ಡ್‌ಡಿಸ್ಕೂ ಸಾಕು. ಆದರೆ ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ಟೈಮ್‌ಲೈನಿನಲ್ಲಿ ಓಡಿಸಿದರೆ ಸೆಕೆಂಡಿಗೆ 50 ಮೆಗಾಬೈಟ್ ಬೇಕು. ಫುಟೇಜ್ ಇರುವ ಎಕ್ಸ್‌ಟರ್ನಲ್ ಡಿಸ್ಕು ಯುಎಸ್‌ಬಿ 2 ಕಿಂಡಿಯಲ್ಲಿದ್ದರೆ ನಿಜಕ್ಕೂ ಸಿಗುವುದು 30-40 ಮಾತ್ರ. ಮುಂದಿನ ಕಿಂಡಿಯಿಂದ ಕಿತ್ತು ಹಿಂದಿನ, ಹೆಚ್ಚಾಗಿ ನೀಲಿಬಣ್ಣದ, ಯುಎಸ್‌ಬಿ 3 ಕಿಂಡಿಗೆ ಹಾಕುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಸ್‌ಎಸ್‌ಡಿ ಇದ್ದವರೂ ಅದನ್ನು ಕಂಠಮಟ್ಟ ತುಂಬಬಾರದು. ಅಗ್ಗದ ಎಸ್‌ಎಸ್‌ಡಿಗಳು ಖಾಲಿ ಜಾಗದ ಒಂದು ಭಾಗವನ್ನು ವೇಗದ ಕ್ಯಾಶ್ ಆಗಿ ಬಳಸುತ್ತವೆ. ಡಿಸ್ಕು ತುಂಬಿದಂತೆ ಆ ಕ್ಯಾಶ್ ಕುಗ್ಗಿ, ದೊಡ್ಡ ಕಡತ ಬರೆಯುವಾಗ ಹಾರ್ಡ್‌ಡಿಸ್ಕಿಗಿಂತಲೂ ನಿಧಾನವಾದಾವು.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾರ್ಡ್‌ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಅದರಲ್ಲಿ 05 ಮತ್ತು ಸಿ5 ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಏರುತ್ತಿದ್ದರೆ ರೆಂಡರ್ ಬದಿಗಿಟ್ಟು ಮೊದಲು ಗಿರಾಕಿಗಳ ಫುಟೇಜನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಸಿ7 ಸಾಲು ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕಿನದಲ್ಲ, ಸಾಟಾ ಕೇಬಲ್ಲಿನ ದೋಷ. ಕೇಬಲ್ ಬದಲಿಸಿದರೆ ಮುಗಿಯಿತು.

ರ‍್ಯಾಮ್ ವಿಷಯದಲ್ಲಿ ಹೊಸದು ಕೊಳ್ಳುವುದಕ್ಕಿಂತ ಮೊದಲು ಇರುವುದು ಪೂರ್ತಿ ದುಡಿಯುತ್ತಿದೆಯೇ ನೋಡಿ. ಸ್ವಚ್ಛ ಮಾಡುವಾಗ ತೆಗೆದ ಪಟ್ಟಿ ಸರಿಯಾಗಿ ಕೂರದೆ 16 ಜಿಬಿಯ ಜಾಗದಲ್ಲಿ 8 ಮಾತ್ರ ಕಾಣುತ್ತಿರಬಹುದು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತರೆ ಬಯೋಸ್ ಸೆಟ್ಟಿಂಗ್‌ಗಳೆಲ್ಲ ಮೊದಲಿನ ಸ್ಥಿತಿಗೆ ಮರಳಿ, 3200ರಲ್ಲಿ ಓಡಬೇಕಾದ ರ‍್ಯಾಮ್ 2133 ಅಥವಾ 2400ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಹಚ್ಚಿದಾಗಲೆಲ್ಲ ತಾರೀಖು-ಸಮಯ ತಪ್ಪು ತೋರಿಸುವುದು ಆ ಸೆಲ್ ಸತ್ತ ಲಕ್ಷಣ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗವೂ, ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಕಾಣುತ್ತದೆ.

ಕ್ಯಾಮೆರಾ ಹೊಸದು, ಕಂಪ್ಯೂಟರ್ ಅದೇ

‘ಏನೂ ಬದಲಿಸಿಲ್ಲ’ ಎನ್ನುವವರ ಕೈಯಲ್ಲಿ ಬಹಳ ಸಲ ಹೊಸ ಕ್ಯಾಮೆರಾ ಇರುತ್ತದೆ. ಕಂಪ್ಯೂಟರಿನಲ್ಲಿ ಬದಲಿಲ್ಲ ನಿಜ, ಅದಕ್ಕೆ ಹಾಕುವ ಮೇವು ಬದಲಾಗಿದೆ. ಈಚಿನ ಕ್ಯಾಮೆರಾಗಳು 10 ಬಿಟ್, 4:2:2 ಬಣ್ಣದಲ್ಲಿ ಎಚ್‌.265 ಚಿತ್ರೀಕರಿಸುತ್ತವೆ. ಬಣ್ಣ ತಿದ್ದಲು ಅದು ಚೆನ್ನ. ಆದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸಾಲಿನ ಕಾರ್ಡುಗಳ ಡಿಕೋಡರಿಗೆ 4:2:2 ಓದಲು ಬರುವುದಿಲ್ಲ. 2025ರಲ್ಲಿ ಬಂದ 50 ಸಾಲಿಗೆ ಬರುತ್ತದೆ. ಹೀಗಾಗಿ ಪ್ರತಿ ಫ್ರೇಮನ್ನು ಬಿಚ್ಚುವ ಭಾರ ಸಿಪಿಯು ಮೇಲೆ ಬೀಳುತ್ತದೆ, ಗ್ರಾಫಿಕ್ಸ್ ಕಾರ್ಡು ಸುಮ್ಮನೆ ಕಾಯುತ್ತದೆ. ಸೋಜಿಗವೆಂದರೆ ಇಂಟೆಲ್‌ನ 11ನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳೊಳಗಿನ ಗ್ರಾಫಿಕ್ಸ್ ಇದನ್ನು ಸಲೀಸಾಗಿ ಓದುತ್ತದೆ. ಹೊರಗಿನ ಕಾರ್ಡು ಹಾಕಿದ ಮೇಲೆ ಒಳಗಿನದನ್ನು ಬಯೋಸ್‌ನಲ್ಲಿ ಬಂದ್ ಮಾಡಿದ್ದರೆ ಮತ್ತೆ ತೆರೆಯಿರಿ. ಅದೂ ಇಲ್ಲದಿದ್ದರೆ ಫುಟೇಜಿಗೆ ಪ್ರಾಕ್ಸಿ, ಅಂದರೆ ಹಗುರವಾದ ನಕಲು, ಮಾಡಿಕೊಂಡು ಎಡಿಟ್ ಮಾಡಿ, ಇಲ್ಲವೇ ಮದುವೆಯ ಸಾದಾ ಕೆಲಸಕ್ಕೆ ಕ್ಯಾಮೆರಾದಲ್ಲೇ 4:2:0 ಆರಿಸಿ. ಗಿರಾಕಿಯ ಟಿವಿಯಲ್ಲಿ ಈ ಎರಡರ ನಡುವೆ ವ್ಯತ್ಯಾಸ ಕಾಣುವುದು ಕಷ್ಟ.

ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’, ‘ವಿಡಿಯೊ ಎನ್‌ಕೋಡ್’ ಎಂಬ ಎರಡು ಗ್ರಾಫ್‌ಗಳಿವೆ. ರೆಂಡರ್ ಓಡುವಾಗ ಎರಡೂ ಸೊನ್ನೆಯಲ್ಲಿ ಮಲಗಿದ್ದರೆ ನಿಮ್ಮ ಕಾರ್ಡು ಡಿಕೋಡ್, ಎನ್‌ಕೋಡ್ ಕೆಲಸದಲ್ಲಿ ಭಾಗಿಯೇ ಆಗಿಲ್ಲ. ಡ್ರೈವರ್ ಅಪ್‌ಡೇಟ್ ಆದ ಮೇಲೆ, ಇಲ್ಲವೇ ಹಾಳಾದ ಮೇಲೆ ಪ್ರೀಮಿಯರ್‌ನಂಥ ತಂತ್ರಾಂಶಗಳು ಸದ್ದಿಲ್ಲದೆ ಸಾಫ್ಟ್‌ವೇರ್ ರೆಂಡರಿಂಗಿಗೆ ಹೊರಳಬಹುದು. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ‘ಸಾಫ್ಟ್‌ವೇರ್ ಓನ್ಲಿ’ ಬಂದಿದೆಯೇ, ಎಕ್ಸ್‌ಪೋರ್ಟಿನಲ್ಲಿ ‘ಹಾರ್ಡ್‌ವೇರ್ ಎನ್‌ಕೋಡಿಂಗ್’ ಹೋಗಿದೆಯೇ ನೋಡಿ.

ಕಿಟಕಿ ಕೆಳಗಿಳಿಸಿದರೆ ವೇಗವೂ ಇಳಿಯುತ್ತದೆ

ಇದು ಎಂಥ ಅನುಭವಿಗಳನ್ನೂ ದಿಕ್ಕುತಪ್ಪಿಸುವ ಸಂಗತಿ. 2021ರ ಕೊನೆಗೆ ಬಂದ ಇಂಟೆಲ್‌ನ 12ನೆಯ ತಲೆಮಾರಿನಿಂದ ಅನೇಕ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿವೆ: ಬಲವಾದ ಪಿ-ಕೋರ್, ಮಿತವ್ಯಯದ ಇ-ಕೋರ್. ರೆಂಡರಿಗೆ ಹಚ್ಚಿ ಆ ಕಿಟಕಿಯನ್ನು ಮಿನಿಮೈಸ್ ಮಾಡಿ ನೀವು ಬ್ರೌಸರ್ ತೆರೆದಿರಿ ಎನ್ನಿ. ಇದು ಅವಸರದ ಕೆಲಸವಲ್ಲ ಎಂದು ತಿಳಿದು ವಿಂಡೋಸ್ ಅದನ್ನು ಪೂರ್ತಿ ಇ-ಕೋರ್‌ಗಳ ಮೇಲೆ ತಳ್ಳಬಲ್ಲದು. ಎಫ್‌ಪಿಎಸ್ ಥಟ್ಟನೆ ಬೀಳುತ್ತದೆ. ಏನಾಯಿತೆಂದು ನೋಡಲು ಕಿಟಕಿ ಮೇಲೆ ತಂದೊಡನೆ ಮತ್ತೆ ವೇಗ ಬರುತ್ತದೆ, ದೋಷ ಕೈಗೇ ಸಿಗುವುದಿಲ್ಲ. ಪವರ್ ಮೋಡನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಇಡಿ, ರೆಂಡರ್ ಮುಗಿಯುವ ತನಕ ಅದರ ಕಿಟಕಿಯನ್ನು ಪರದೆಯ ಒಂದು ಬದಿಗೆ ತೆರೆದೇ ಇಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಮುಂದೆ ಹಸಿರು ಎಲೆಯ ಗುರುತಿದ್ದರೆ ಎಫಿಶಿಯೆನ್ಸಿ ಮೋಡ್ ತೆಗೆದುಹಾಕಿ.

ಹಿನ್ನೆಲೆಯ ಇತರ ಕೆಲಸಗಳ ಬಗ್ಗೆ ಎರಡೇ ಮಾತು. ಆ್ಯಂಟಿವೈರಸ್ ನಿಮ್ಮ ದೊಡ್ಡ ಕಡತಗಳನ್ನು ಮತ್ತೆ ಮತ್ತೆ ತಪಾಸಣೆ ಮಾಡುತ್ತಿದ್ದರೆ ಫುಟೇಜ್ ಫೋಲ್ಡರಿಗಷ್ಟೇ ವಿನಾಯಿತಿ ಕೊಡಿ, ಡೌನ್‌ಲೋಡ್ಸ್‌ಗೆ ಬೇಡ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್ ನಕಲು ಮಾಡುತ್ತಿದ್ದರೆ ಅಲ್ಲಿಗೆ ರೆಂಡರ್ ಮಾಡಬೇಡಿ.

ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳಬೇಕು. ಕ್ರ್ಯಾಕ್ ಮಾಡಿದ ಎಡಿಟಿಂಗ್ ತಂತ್ರಾಂಶದ ಜತೆ ಕ್ರಿಪ್ಟೊ ಮೈನರ್‌ಗಳು ಬರುವುದುಂಟು. ಅವು ನಿಮ್ಮ ಕರೆಂಟಿನಲ್ಲಿ, ನಿಮ್ಮ ಪ್ರೊಸೆಸರಿನಲ್ಲಿ ಬೇರೆಯವರಿಗೆ ದುಡಿಯುತ್ತವೆ. ಕೆಲವು ಎಷ್ಟು ಜಾಣವೆಂದರೆ ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಕೆಲಸ ನಿಲ್ಲಿಸಿ ಅಡಗುತ್ತವೆ. ಏನೂ ಮಾಡದೆ ಇದ್ದಾಗ ಫ್ಯಾನ್ ಜೋರಾಗಿ ಕೂಗುತ್ತಿದ್ದು, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾದರೆ ಸಂಶಯಪಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಹಾಕಿ, ಆ ಕ್ರ್ಯಾಕ್ ಅನ್ನು ಕಿತ್ತುಹಾಕಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ 4ಕೆ ತನಕ ಎಕ್ಸ್‌ಪೋರ್ಟ್ ಕೊಡುತ್ತದೆ, ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಪೂರ್ತಿ ಉಚಿತ. ಗಿರಾಕಿಗಳ ಮನೆಯ ಖಾಸಗಿ ವಿಡಿಯೊಗಳು ಇರುವ ಯಂತ್ರವನ್ನು ಗುರುತಿಲ್ಲದವರ ಕೈಗೆ ಕೊಡುವುದು ವೇಗಕ್ಕಿಂತ ದೊಡ್ಡ ಅಪಾಯ.

ದೋಷವೇ ಅಲ್ಲದ ನಿಧಾನ

ಎಲ್ಲ ಸಂಖ್ಯೆಗಳೂ ಸರಿ ಇದ್ದು, ಪರೀಕ್ಷೆಯ ತುಣುಕು ಹಳೆಯ ವೇಗದಲ್ಲೇ ಓಡಿ, ಹೊಸ ಕೆಲಸ ಮಾತ್ರ ನಿಧಾನವಾದರೆ ಚಿತ್ರವನ್ನೇ ನೋಡಿ. ವಿಡಿಯೊ ಎನ್‌ಕೋಡರ್ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ಬದಲಾಗದ ಭಾಗವನ್ನು ಹುಡುಕಿ, ಬದಲಾದದ್ದನ್ನಷ್ಟೇ ಬರೆಯುತ್ತದೆ. ವಧೂವರರು ಸೋಫಾದ ಮೇಲೆ ಕೂತು ಉಡುಗೊರೆ ತೆಗೆದುಕೊಳ್ಳುವ ದೃಶ್ಯ ಅದಕ್ಕೆ ಹಗುರ. ಅಕ್ಷತೆ ಬೀಳುವ ಗಳಿಗೆಯಲ್ಲಿ ಪರದೆಯ ತುಂಬ ಸಾವಿರ ಕಾಳು, ಒಂದೊಂದೂ ಒಂದೊಂದು ದಿಕ್ಕಿಗೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರಿದಾಗ ಇಡೀ ಚೌಕಟ್ಟು ಹಳದಿ ಹೊಗೆಯಾಗಿ ಪ್ರತಿ ಫ್ರೇಮಿಗೂ ರೂಪ ಬದಲಿಸುತ್ತದೆ. ರಾಜ್ಯೋತ್ಸವದ ರಾತ್ರಿ ಬೆಳಗಾವಿಯ ಚನ್ನಮ್ಮ ವೃತ್ತದ ಮೆರವಣಿಗೆಯಲ್ಲಿ ಡಿಜೆ ದೀಪಗಳ ಮಿಂಚು, ಮೇಲಿಂದ ಮಂದ ಬೆಳಕಿನಲ್ಲಿ ಐಎಸ್‌ಒ ಏರಿಸಿದ್ದರಿಂದ ಬಂದ ಕಾಳುಕಾಳಿನ ನಾಯ್ಸ್. ಎನ್‌ಕೋಡರಿಗೆ ಅಲ್ಲಿ ಹೋಲಿಕೆಯೇ ಸಿಗುವುದಿಲ್ಲ, ಹುಡುಕಿ ಹುಡುಕಿ ನಿಧಾನವಾಗುತ್ತದೆ. ಇದು ಎನ್‌ಕೋಡರ್ ನಿಷ್ಠೆಯಿಂದ ದುಡಿಯುತ್ತಿರುವ ಲಕ್ಷಣ, ಯಂತ್ರವನ್ನು ಮುಟ್ಟಬೇಡಿ.

ಸೆಟ್ಟಿಂಗ್‌ಗಳು ಕೂಡ ಹಾಗೆಯೇ. ಎಕ್ಸ್264 ಎನ್‌ಕೋಡರಿಗೆ ಅಲ್ಟ್ರಾಫಾಸ್ಟ್‌ನಿಂದ ಪ್ಲೆಸಿಬೊವರೆಗೆ ಹತ್ತು ಪ್ರಿಸೆಟ್‌ಗಳಿವೆ. ಮೀಡಿಯಂನಿಂದ ಸ್ಲೋವರ್‌ಗೆ ಹೋದರೆ ಸಮಯ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಕಣ್ಣಿಗೆ ಕಾಣುವ ಲಾಭ ಅಲ್ಪ. 2003ರ ಎಚ್‌.264 ಬಿಟ್ಟು 2013ರ ಎಚ್‌.265ಗೆ ಬಂದರೆ ಕಡತ ಚಿಕ್ಕದಾಗುತ್ತದೆ, ಸಿಪಿಯು ಮೇಲೆ ಕೆಲಸ ಕೆಲವು ಪಟ್ಟು ಏರುತ್ತದೆ. ನಾಯ್ಸ್ ತೆಗೆಯುವ ಫಿಲ್ಟರನ್ನು ಇಡೀ ವಿಡಿಯೊಗೆ ಹಚ್ಚುವ ಬದಲು ರಾತ್ರಿಯ ದೃಶ್ಯಗಳಿಗಷ್ಟೇ ಹಚ್ಚಿದರೆ ತಾಸುಗಳೇ ಉಳಿಯುತ್ತವೆ. ಪೆನ್‌ಡ್ರೈವಿನಲ್ಲಿ ಕೊಟ್ಟು ಹಳೆಯ ಟಿವಿಗಳಲ್ಲೂ ಓಡಬೇಕಾದ ಮದುವೆಗೆ ಎಚ್‌.264, 1080ಪಿ, ಮೀಡಿಯಂ ಎಂಬುದೇ ನನ್ನ ಆಯ್ಕೆ.

ಇಷ್ಟರ ಮೇಲೂ ಬಗೆಹರಿಯದೆ ಅಂಗಡಿಗೆ ಒಯ್ಯಬೇಕಾದರೆ ಬರೆದಿಟ್ಟ ಸಂಖ್ಯೆಗಳನ್ನು ಜತೆಗೆ ಒಯ್ಯಿರಿ. “ಸ್ಲೋ ಆಗೇತ್ರೀ” ಎಂದರೆ ಉತ್ತರ ಫಾರ್ಮ್ಯಾಟ್ ಎಂದೇ ಬರುತ್ತದೆ. “ಮೂರನೇ ಓಟಕ್ಕ 98 ಡಿಗ್ರಿಗೆ ಹೋಗಿ 4.0 ಇದ್ದದ್ದು 2.1ಕ್ಕ ಇಳಿತೈತ್ರೀ, ಕೂಲರ್ ನೋಡ್ರಿ” ಎಂದರೆ ಅವರ ಕೈ ನೇರ ಕೂಲರಿಗೇ ಹೋಗುತ್ತದೆ. ಫುಟೇಜ್ ಇರುವ ಹಾರ್ಡ್‌ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ, ಬಿಚ್ಚಲಾಗದಿದ್ದರೆ ಫುಟೇಜಿನ ನಕಲಾದರೂ ಮನೆಯಲ್ಲಿರಲಿ. ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು, ಪೆನ್‌ಡ್ರೈವಿನಲ್ಲಿ ಒಯ್ದ ಅದೇ ಐದು ನಿಮಿಷದ ತುಣುಕನ್ನು ಕೌಂಟರಿನ ಮೇಲೆಯೇ ಮೂರು ಸಲ ಓಡಿಸಿ ತೋರಿಸಲು ಕೇಳಿ.